ಜರಡಿಗಣ್ಣಿನ ಗೋಡೆ

"ನೀರು ಹಾಕಲಾ?" ಇಂಜಿನಿಯರ್ ಯಿನ್ ಬೋಗುಣಿ ಎತ್ತಿಕೊಂಡು ಕೇಳಿದಳು.

ನೆಲ ಅಗೆದು ಮಾಡಿದ ಹೊಂಡದ ಮನೆಯ ಅಂಗಳದ ನಡುವೆ ಹಳದಿ ಮಣ್ಣಿನ ದಿಮ್ಮಿಯೊಂದು ಮೊಣಕಾಲೆತ್ತರ ನಿಂತಿತ್ತು. ಬೆಳಿಗ್ಗೆ ಅವಳೇ ಅದನ್ನು ಅಂಗಳದ ಗೋಡೆಯಿಂದ ಕೊಯ್ದು ತೆಗೆದದ್ದು. ಅದರ ನೆತ್ತಿಯ ಮೇಲೆ ಬೀಸುವ ಕಲ್ಲಿನ ಒಂದು ಬಿಲ್ಲೆ. ಇಷ್ಟು ಹೊತ್ತೂ ಆ ಭಾರ ಹೊತ್ತು ದಿಮ್ಮಿ ಕೂದಲೆಳೆಯಷ್ಟೂ ಜಗ್ಗಿರಲಿಲ್ಲ.

ಯಿನ್ ದಿಮ್ಮಿಯ ಬುಡಕ್ಕೆ ಸುತ್ತಲೂ ನೀರು ಸುರಿದಳು. ಮಣ್ಣು ಗಟಗಟನೆ ಕುಡಿಯಿತು. ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಯಾರೋ ಉಸಿರು ಬಿಟ್ಟ ಹಾಗೆ ಸದ್ದಾಯಿತು, ದಿಮ್ಮಿ ಇದ್ದಲ್ಲೇ ಕುಸಿದು ಕೂತಿತು. ಕಲ್ಲು ಉರುಳಿ ಬಂದು ಪೊಲೀಸ್ ಅಧಿಕಾರಿ ಶಾಂಗ್‌ನ ಬೂಟಿಗೆ ತಾಗಿ ನಿಂತಿತು.

"ನೋಡಿದ್ರಲ್ಲ ಸಾಹೇಬ್ರೇ! ಕಣ್ಣಾರೆ ನೋಡಿದ್ರಲ್ಲ!" ಲೈವಾಂಗ್ ಕುಣಿದಾಡಿಬಿಟ್ಟ. ಸತ್ತವನ ಕಿರಿಮಗ ಅವನು. ಬೂಟಿನ ಮೇಲೆ ಸೂತಕದ ಬಿಳಿ ಬಟ್ಟೆ ಹೊಲಿದುಕೊಂಡಿದ್ದ. "ಹಿಂಗೇ ಸಾಹೇಬ್ರೇ ನಮ್ಮಪ್ಪ ಹೋಗಿದ್ದು. ಹಿಂಗೇ!"

ಹೋದ ವಾರ ಇದೇ ಅಂಗಳದ ಗೋಡೆಗೆ ಕೊರೆದ ವಾಸದ ಗುಹೆಗಳ ಪೈಕಿ ನಡುಗುಹೆ ಹಾಡಹಗಲೇ ಕುಸಿದು, ಒಳಗೆ ಮಲಗಿದ್ದ ದೋ ಎಂಬ ಮುದುಕ ಮಣ್ಣಿನಡಿ ಸಿಕ್ಕಿ ಸತ್ತಿದ್ದ. ಗುಹೆಯ ನೆತ್ತಿಯ ಮೇಲೆ ಸೊಪ್ಪಿನ ಮಡಿ ಮಾಡಿ ನೀರು ಹೊಯ್ದವಳು ನಾನೇ ಎಂದು ಅವನ ಹಿರಿಸೊಸೆ ಗೈಲಿಂಗ್ ಒಪ್ಪಿಕೊಂಡಿದ್ದಳು.

"ಇದೇನು ಮಣ್ಣೋ ಮಾಟವೋ?" ಶಾಂಗ್ ಬೂಟು ಒದರಿಕೊಂಡ.

"ಮಣ್ಣೇ. ನೀವು ಹುಟ್ಟಿ ಬೆಳೆದ ಮಣ್ಣು. ನನ್ನ ಕೇಳ್ತೀರಲ್ಲ!" ಯಿನ್ ಕನ್ನಡಕದ ಮೇಲಿನಿಂದ ದಿಟ್ಟಿಸಿದಳು. ಜಿಲ್ಲೆಯ ನೀರಾವರಿ ಕಚೇರಿಯಿಂದ ಬಂದವಳು, ಯಾರಿಗೂ ಸೊಪ್ಪು ಹಾಕುವ ಪೈಕಿಯಲ್ಲ. "ಗಾಳಿ ತಂದು ಸುರಿದ ದೂಳು ಇದು. ಕಾಳುಗಳು ಒತ್ತಾಗಿ ಕೂತಿಲ್ಲ, ಒಂದಕ್ಕೊಂದು ಮೂಲೆ ತಾಗಿಸ್ಕೊಂಡು ಕೂತಿವೆ. ನಡುವೆಲ್ಲ ಖಾಲಿ. ಸುಣ್ಣದ ಅಂಟು ಹಿಡ್ಕೊಂಡಿರೋ ತನಕ ಗುಡ್ಡ ಬೇಕಾದ್ರೂ ಹೊರುತ್ತೆ. ಅಂಟು ನೆಂದ್ರೆ ಮುಗೀತು. ಒಣರೊಟ್ಟೀನ ಕುರಿ ಸಾರಿಗೆ ಮುರಿದು ಹಾಕ್ತೀರಲ್ಲ, ಹಂಗೆ."

"ಮತ್ತಿನ್ನೇನು!" ಲೈವಾಂಗ್ ಮಧ್ಯೆ ಬಾಯಿ ಹಾಕಿದ. "ಅವಳು ಮೇಲೆ ನೀರು ಹೊಯ್ದಳು, ಅಪ್ಪ ಕೆಳಗೆ ಸತ್ತ. ಅವಳ ಬಾಯಿಂದ್ಲೇ ಒಪ್ಪಿದಾಳೆ. ಸಂಜೆ ಜೀಪು ಬರುತ್ತೆ, ಕಳಿಸಿ. ಮಗೂನ ನಾನು ಸಾಕ್ಕೊಳ್ತೀನಿ."

ಶಾಂಗ್ ಬಂಧನದ ಕಾಗದವಿದ್ದ ಜೇಬು ಮುಟ್ಟಿ ನೋಡಿಕೊಂಡ. ಅವನು ಒಂದು ಸಹಿ ಹಾಕಿದರೆ ಸಾಕು, ಗೈಲಿಂಗ್ ಸಂಜೆಗೆ ತಾಲ್ಲೂಕಿನ ಜೈಲಿನಲ್ಲಿರುತ್ತಾಳೆ. ಅವಳ ಪುಟ್ಟ ಮಗಳು ಮೈಮೈ ಚಿಕ್ಕಪ್ಪನ ಮನೆ ಸೇರುತ್ತಾಳೆ. ಗಂಡ ಬಾವೋಕು ಕಲ್ಲಿದ್ದಲು ಗಣಿಯಲ್ಲಿ ಸತ್ತು ವರ್ಷ ಮೀರಿತ್ತು. ಈಗ ತಾಯಿಯೂ ಹೋದರೆ ಆ ಕೂಸಿಗೆ ಯಾರು?

ಅದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಅವನನ್ನು ಕಾಡುತ್ತಿತ್ತು. ತಪ್ಪು ಮಾಡಿದವರು ಕಡೆಯವರೆಗೂ ಇಲ್ಲ ಇಲ್ಲ ಅನ್ನುವುದನ್ನೇ ಅವನು ಇಷ್ಟು ವರ್ಷ ನೋಡಿದ್ದು. ಗೈಲಿಂಗ್ ಮಾತ್ರ ಅವನು ಪ್ರಶ್ನೆ ಮುಗಿಸುವ ಮೊದಲೇ "ಹೌದು, ನಾನೇ" ಎಂದಿದ್ದಳು. ಒಪ್ಪಿಕೊಳ್ಳಲು ಕಾದು ಕೂತವಳ ಹಾಗೆ. ಯಾಕೆ? ಅವನಿಗೆ ತಲೆಬುಡ ಹತ್ತಲಿಲ್ಲ.

"ಮಡಿ ಎಲ್ಲಿದೆ? ತೋರ್ಸಿ ನಡೀರಿ" ಎಂದಳು ಯಿನ್.

ಮೂವರೂ ಇಳಿಜಾರು ಹತ್ತಿ ಮೇಲೆ ಬಂದರು. ಮೇಲೆ ನಿಂತರೆ ಮನೆಯೆಂಬುದೇ ಕಾಣದು. ಚಪ್ಪಟೆ ಬಯಲು, ಅದರಲ್ಲೊಂದು ಚೌಕದ ಹೊಂಡ, ಹೊಂಡದೊಳಗೊಂದು ಎಲಚಿ ಮರದ ತಲೆ. ಹೊಂಡದ ಸುತ್ತಲಿನ ನೆಲ ಬೋಳು. ಗುಹೆಗಳ ನೆತ್ತಿ ಅದು. ಅಲ್ಲಿ ಒಂದು ಹುಲ್ಲುಕಡ್ಡಿ ಹುಟ್ಟಿದರೂ ಆ ಮನೆಯವರ ಮಾನ ಹೋದ ಹಾಗೆ. ಪ್ರತಿ ಮಳೆಯಾದ ಮೇಲೂ ರೋಣಗಲ್ಲು ಉರುಳಿಸಿ ನೆಲ ಗಟ್ಟಿ ಮಾಡುವುದು ಈ ಕಡೆಯವರಿಗೆ ಹಲ್ಲುಜ್ಜಿದಷ್ಟೇ ವಾಡಿಕೆ.

ಅಂಥ ನೆತ್ತಿಯ ಮೇಲೆ, ನಡುಗುಹೆ ಕುಸಿದು ಬಾಯಿಬಿಟ್ಟ ಜಾಗದ ಅಂಚಿಗೇ, ಹಸಿರಾಗಿ ಬೆಳ್ಳುಳ್ಳಿಸೊಪ್ಪು ಬೆಳೆದು ನಿಂತಿತ್ತು.

"ಥೂ" ಎಂದ ಲೈವಾಂಗ್. "ಊರಲ್ಲಿ ಬೇರೆ ಎಲ್ಲೂ ಜಾಗ ಇರ್ಲಿಲ್ವಂತೆ. ಅಪ್ಪ ಅದೆಷ್ಟು ಬೈದಿದ್ದ ಗೊತ್ತಾ? ಗಿಣಿಗೆ ಹೇಳಿದ ಹಾಗೆ ಹೇಳಿದ್ದ. ಕೇಳಿದ್ರೆ ತಾನೇ?"

ಯಿನ್ ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಸಲಿಕೆಯಿಂದ ಕೊಯ್ಯತೊಡಗಿದಳು. ಮೇಲಿನ ಮಣ್ಣು ಸಡಿಲ, ಒದ್ದೆ, ಕಪ್ಪಗೆ. ಗೇಣುದ್ದ ಇಳಿಯುವಷ್ಟರಲ್ಲಿ ಸಲಿಕೆ ಟಣ್ ಎಂದಿತು.

"ಕಲ್ಲಾ?" ಶಾಂಗ್ ಬಗ್ಗಿದ.

"ಕಲ್ಲಲ್ಲ. ರೋಣಗಲ್ಲು ಉರುಳಿಸಿದ ನೆಲ. ನಿಮ್ಮ ಗೈಲಿಂಗ್ ನೆಲ ಅಗೆದೇ ಇಲ್ಲ. ಎಲ್ಲಿಂದಲೋ ಬುಟ್ಟೀಲಿ ಮಣ್ಣು ತಂದು ಮೇಲೆ ಹರಡಿದಾಳೆ ಅಷ್ಟೇ." ಅವಳು ಆ ಗಟ್ಟಿ ಪದರದ ಮೇಲೆ ಒಂದಿಷ್ಟು ನೀರು ಚೆಲ್ಲಿದಳು. ಅಂಗಳದಲ್ಲಿ ಗಟಗಟ ಕುಡಿದಿದ್ದ ಅದೇ ಮಣ್ಣು ಇಲ್ಲಿ ಬಾಯಿಯನ್ನೇ ತೆರೆಯಲಿಲ್ಲ. ನೀರು ತಟ್ಟೆಯಲ್ಲಿ ನಿಂತ ಹಾಗೆ ನಿಂತುಬಿಟ್ಟಿತು.

ಯಿನ್ ಪದರವನ್ನು ಒಡೆದು ಅದರ ಕೆಳಗಿನದನ್ನು ಬೆರಳಲ್ಲಿ ತೆಗೆದು ಶಾಂಗ್‌ನ ಅಂಗೈಗೆ ಹಾಕಿದಳು. ಒಣ ಹಿಟ್ಟು. ಅವನು ಊದಿದರೆ ಹಾರಿ ಹೋಯಿತು.

"ಅಂದ್ರೆ ನೀರು ಕೆಳಗೆ ಇಳಿದೇ ಇಲ್ವಾ?"

"ಒಂದು ಹನೀನೂ ಇಳಿದಿಲ್ಲ. ಮುದುಕಪ್ಪ ಜೀವಮಾನವೆಲ್ಲ ಕಲ್ಲು ಉರುಳಿಸಿ ಉರುಳಿಸಿ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿದಾನೆ. ತೂತೇ ಇಲ್ದಿದ್ರೆ ನೀರು ಎಲ್ಲಿಂದ ಹೋಗುತ್ತೆ? ಈ ಸೊಪ್ಪಿನ ಮಡಿ ಯಾರನ್ನೂ ಕೊಂದಿಲ್ಲ ಶಾಂಗ್ ಅವ್ರೇ."

ಶಾಂಗ್‌ಗೆ ಎದೆ ಮೇಲಿಂದ ಭಾರ ಇಳಿದ ಹಾಗಾಯಿತು. ಮರುಕ್ಷಣವೇ ಮತ್ತೆ ಗೋಜಲು. ಮಾಡದ ತಪ್ಪನ್ನು ಆ ಹೆಂಗಸು ಯಾಕೆ ಮೈಮೇಲೆ ಎಳೆದುಕೊಂಡಳು?

ಲೈವಾಂಗ್ ಕೆಂಡವಾದ. "ಹಂಗಾದ್ರೆ ನಮ್ಮಪ್ಪ ಸುಮ್ಸುಮ್ನೆ ಸತ್ನಾ? ನೀರು ಹೊತ್ತು ತರೋನು ನಾನು ಸಾಹೇಬ್ರೇ! ಮಳೆ ಇಲ್ಲ ಅಂತ ದೂರದ ಬಾವಿಯಿಂದ ಕತ್ತೆಗಾಡೀಲಿ ಪೀಪಾಯಿ ತಂದು ಅವಳ ತೊಟ್ಟಿಗೆ ಸುರೀತೀನಿ. ಚಳಿಗಾಲದಿಂದ ಈಚೆಗೆ ಎರಡರಷ್ಟು ಕೇಳ್ತಿದಾಳೆ. ಇರೋದು ಒಬ್ಬಳು ಹೆಂಗಸು, ಒಂದು ಕೂಸು. ಅಪ್ಪ ಅಂತೂ ಕುಡಿಯೋದೇ ಸಾರಾಯಿ. ಅಷ್ಟು ನೀರು ಎಲ್ಲಿ ಹೋಯ್ತು, ನೀವೇ ಹೇಳಿ!"

ಶಾಂಗ್ ಸೊಪ್ಪಿನ ಮಡಿಯನ್ನು ನೋಡಿದ. ಒಂದು ಚಾಪೆಯಗಲ. ಇದು ಎಷ್ಟು ಕುಡಿದೀತು? ತೊಟ್ಟಿ ಒಡೆದಿರಲಿಲ್ಲ, ಕೆಂಪು ಜೇಡಿ ಬಡಿದು ಮಾಡಿದ ಅದರ ಗೋಡೆಯನ್ನು ಅವನೇ ಇಳಿದು ತಟ್ಟಿ ನೋಡಿದ್ದ. ಹಾಗಾದರೆ ನೀರೆಲ್ಲ ಹೋದದ್ದೆಲ್ಲಿಗೆ? ಒಂದು ಗಂಟು ಬಿಚ್ಚಿದರೆ ಇನ್ನೊಂದು ಬೀಳುತ್ತಿತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದ ಲೈವಾಂಗ್‌ಗೆ. "ಅತ್ತಿಗೆ ಜೈಲಿಗೆ ಹೋದ್ರೆ ಈ ಮನೆ ಯಾರ ಪಾಲಿಗೆ?"

"ಹೋ! ಈಗ ನನ್ನ ಮೇಲೆ ತಿರುಗಿತಾ?" ಲೈವಾಂಗ್ ಹಲ್ಲು ಕಡಿದ. "ಈ ಬಿಲ ಯಾರಿಗೆ ಬೇಕು ಸಾಹೇಬ್ರೇ? ನಂದು ಮೇಲೆ ರಸ್ತೆ ಪಕ್ಕ ಇಟ್ಟಿಗೆ ಮನೆ. ನನ್ನ ಹೆಂಡ್ತಿ ಹೊಂಡಕ್ಕೆ ಇಳಿಯೋಕೇ ಮೂಗು ಮುರೀತಾಳೆ. ನೀವು ಬೇಕಾದ್ರೆ ತಗೊಳ್ಳಿ!"

ಅದು ನಿಜದ ಸಿಟ್ಟೇ ಅನ್ನಿಸಿತು. ಶಾಂಗ್‌ನ ಅನುಮಾನಪಟ್ಟಿಯಲ್ಲಿದ್ದ ಎರಡನೇ ಹೆಸರೂ ಅಲ್ಲಿಗೆ ಮಸುಕಾಯಿತು. ಮೂರನೆಯದು ಇರಲೇ ಇಲ್ಲ.

ಅವರು ಮತ್ತೆ ಕೆಳಗಿಳಿದು ಕುಸಿದ ಗುಹೆಯ ಬಾಯಿಗೆ ಬಂದರು. ಮುದುಕನನ್ನು ತೆಗೆಯಲು ಊರವರು ಮಾಡಿದ್ದ ದಾರಿ ಹಾಗೇ ಇತ್ತು. ಎರಡೂ ಕಡೆ ಬಿದ್ದ ಹೆಂಟೆಗಳ ರಾಶಿ. ಯಿನ್ ಒಂದೊಂದನ್ನೇ ಎತ್ತಿ, ಮುರಿದು, ಮೂಸಿ, ಕೆಲವನ್ನು ನಾಲಿಗೆಗೂ ತಾಗಿಸಿ ಎಸೆಯುತ್ತ ಒಳಗೊಳಗೆ ಹೋದಳು. ಶಾಂಗ್ ಅವಳ ಹಿಂದೆಯೇ ನುಸುಳಿದ.

"ಇದು ಚಾವಣಿಯ ಮಣ್ಣು. ಹೊಗೆ ಹಿಡಿದು ಕಪ್ಪಾಗಿದೆ ನೋಡಿ. ಮುಟ್ಟಿ."

"ಒಣಗಿದೆ."

"ಈಗ ಇಲ್ಲಿ ಬನ್ನಿ. ಇದು ಹಿಂಗೋಡೆಯ ಪಾದ. ಮುಟ್ಟಿ."

ಶಾಂಗ್ ಮುಟ್ಟಿದ. ಬೆರಳು ತಣ್ಣಗೆ ಒಳಗಿಳಿಯಿತು. ಹದ ಮಾಡಿಟ್ಟ ಹಿಟ್ಟಿನ ಹಾಗಿತ್ತು.

"ತಲೆ ಒಣಗಿದೆ, ಪಾದ ನೆಂದಿದೆ" ಎಂದಳು ಯಿನ್, ತನಗೆ ತಾನೇ ಹೇಳಿಕೊಳ್ಳುವವಳಂತೆ. ಮೊದಲ ಸಲ ಅವಳ ದನಿಯಲ್ಲೂ ಗಲಿಬಿಲಿ ಕೇಳಿಸಿತು. "ಈ ಗುಹೆ ಮೇಲಿಂದ ಬಿದ್ದಿಲ್ಲ. ಹಿಂದಿನ ಕಾಲು ಕುಸಿದು ಕೂತಿದೆ, ತಲೆ ಅದರ ಹಿಂದೆ ಬಂದಿದೆ."

"ಪಾದಕ್ಕೆ ನೀರು ಹೇಗೆ ಬಂತು?"

"ಅದೇ ನನಗೂ ಅರ್ಥ ಆಗ್ತಿಲ್ಲ. ಇದನ್ನ ಹಿಡ್ಕೊಳ್ಳಿ." ಅವಳು ಜೇಬಿನಿಂದ ಭೂತಗನ್ನಡಿ ತೆಗೆದು ಅವನ ಕೈಗಿತ್ತು, ಪಕ್ಕದ ಬೀಳದ ಗೋಡೆಯನ್ನು ಚಾಕುವಿನಿಂದ ಹೆರೆದಳು. "ಏನು ಕಾಣುತ್ತೆ?"

"ಗೆರೆಗಳು. ಸಣ್ಣ ಸಣ್ಣ ಗೆರೆ. ಒಳಗೆ ಬೆಳ್ಳಗೆ ಏನೋ ಸವರಿದ ಹಾಗಿದೆ."

"ಗೆರೆ ಅಲ್ಲ, ಕೊಳವೆ. ಹಳೇ ಕಾಲದ ಹುಲ್ಲಿನ ಬೇರು ಕೊಳೆತು ಬಿಟ್ಟುಹೋದ ದಾರಿ. ಬೇರು ಕೆಳಕ್ಕೆ ತಾನೇ ಹೋಗೋದು? ಅದಕ್ಕೇ ಎಲ್ಲ ನೆಟ್ಟಗೆ ನಿಂತಿವೆ. ಗೋಡೇಲಿ ನೋಡಿದ್ರೆ ಗೆರೆ, ನೆಲದಲ್ಲಿ ನೋಡಿದ್ರೆ ಚುಕ್ಕಿ. ಪೊರಕೆ ಥರ ಅಂದ್ಕೊಳ್ಳಿ. ಪಕ್ಕದಿಂದ ಕಡ್ಡಿ, ತುದಿಯಿಂದ ಚುಕ್ಕಿ."

"ಆಯ್ತು, ಪೊರಕೆ. ಅದಕ್ಕೂ ಇದಕ್ಕೂ?"

"ಸಂಬಂಧ ಇದೆ ಮಾರಾಯ್ರೇ. ಕೊಳವೆ ನೆಟ್ಟಗಿದ್ರೆ ನೀರು ಕೆಳಕ್ಕೆ ಓಡುತ್ತೆ, ಪಕ್ಕಕ್ಕೆ ತೆವಳುತ್ತೆ. ದೂರದಿಂದ ಅಡ್ಡಡ್ಡ ಹರಿದು ಬರೋಕೆ ಆಗಲ್ಲ. ಇಲ್ಲಿ ಪಾದ ಇಷ್ಟು ನೆಂದಿದೆ ಅಂದ್ರೆ ನೀರು ಸುರಿದ ಜಾಗ ಇಲ್ಲೇ ಇದೆ. ಈ ಹಿಂಗೋಡೆಯ ಬೆನ್ನಿಗೇ. ಅದೂ ಒಂದು ದಿನ ಸುರಿದಿದ್ದಲ್ಲ, ತಿಂಗಳುಗಟ್ಟಲೆ."

"ಈ ಗೋಡೆಯ ಬೆನ್ನಿಗೆ ಏನಿದೆ?" ಶಾಂಗ್ ಹೊರಗೆ ನಿಂತಿದ್ದ ಲೈವಾಂಗ್‌ನನ್ನು ಕೂಗಿ ಕೇಳಿದ.

"ಏನಿರುತ್ತೆ? ಮಣ್ಣು!" ಉತ್ತರ ಬಂತು. "ಅಲ್ಲಿಂದ ಪಕ್ಕದೂರಿನ ತನಕ ಬರೀ ಮಣ್ಣು!"

ಭೂಮಿಯ ಹೊಟ್ಟೆಯೊಳಗೆ ಯಾರು ಹೋಗಿ ನೀರು ಸುರಿದರು? ಶಾಂಗ್‌ನ ತಲೆ ಕೆಟ್ಟು ಕೆರ ಹಿಡಿಯಿತು. ಆದರೆ ಒಂದಂತೂ ಖಾತ್ರಿ. ಸೊಪ್ಪಿನ ಮಡಿಯಿಂದ ಆದದ್ದಲ್ಲ. ಇವತ್ತು ಸಂಜೆ ಜೀಪು ಖಾಲಿ ವಾಪಸು ಹೋಗುತ್ತದೆ. ಉಳಿದದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಅವನು ಖುಷಿಯಲ್ಲೇ ಪಕ್ಕದ ಗುಹೆಯ ಕಡೆ ನಡೆದ. ಅದು ಗೈಲಿಂಗ್‌ಳ ಅಡುಗೆಮನೆ.

ಅವಳು ತಲೆಗೆ ಸೂತಕದ ಬಿಳಿ ಬಟ್ಟೆ ಕಟ್ಟಿಕೊಂಡು ನೂಡಲ್ಸಿಗೆ ಹಿಟ್ಟು ಲಟ್ಟಿಸಿ ಕೊಯ್ಯುತ್ತಿದ್ದಳು. ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು. ಒಲೆಗೆ ಅಂಟಿದ ಬೆಚ್ಚನೆಯ ಜಗಲಿ ಮಂಚದ ಮೇಲೆ ಮೈಮೈಯ ಚಿಕ್ಕ ಅಂಗಿಗಳನ್ನು ಮಡಿಸಿ ಗಂಟು ಕಟ್ಟಿಟ್ಟಿತ್ತು. ಮಗುವನ್ನು ಆಗಲೇ ಲೈವಾಂಗ್‌ನ ಮನೆಗೆ ಕಳಿಸಿದ್ದಳು. ಶಾಂಗ್ ಅದರ ಕಡೆ ಕೈ ತೋರಿಸಿದ.

"ಆ ಗಂಟು ಬಿಚ್ಚಮ್ಮ" ಎಂದ. "ನೀನು ಎಲ್ಲೂ ಹೋಗ್ತಿಲ್ಲ."

ಅವಳ ಚಾಕು ನಿಂತಿತು. "ಯಾಕೆ?"

"ಯಾಕೆ ಅಂದ್ರೆ? ನಿನ್ನ ಸೊಪ್ಪಿನ ಮಡಿಯ ನೀರು ಕೆಳಗೆ ಇಳಿದೇ ಇಲ್ಲ. ಇಂಜಿನಿಯರಮ್ಮ ಅಗೆದು ನೋಡಿದ್ರು. ನಿನ್ನ ಮಾವ ಸತ್ತಿದ್ದು ನಿನ್ನಿಂದ ಅಲ್ಲ."

ಖುಷಿಯಿಂದ ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ, ಇಲ್ಲವೇ ಕುಸಿದು ಕೂರುತ್ತಾಳೆ ಎಂದು ಅವನು ಕಾದ. ಗೈಲಿಂಗ್ ಮಾತ್ರ ಬಿಳಿಚಿಕೊಂಡಳು.

"ಇಲ್ಲ" ಎಂದಳು. "ಮಡಿಯಿಂದ್ಲೇ ಆಗಿದ್ದು. ದಿನಾ ಬಿಂದಿಗೆಗಟ್ಟಲೆ ಹೊಯ್ದಿದೀನಿ ನಾನು. ಬರ್ಕೊಳ್ಳಿ."

"ಏನು ಬರ್ಕೊಳ್ಳೋದು? ಅಗೆದು ನೋಡಿದ್ವಿ ಅಂತೀನಿ!"

"ಸರಿಯಾಗಿ ಅಗೆದಿಲ್ಲ. ಇನ್ನೊಂದು ಕಡೆ ಅಗೀರಿ."

"ನಿನಗೆ ತಲೆಗಿಲೆ ಕೆಟ್ಟಿದೆಯೇನಮ್ಮ?" ಶಾಂಗ್‌ಗೆ ರೇಗಿಹೋಯಿತು. "ಜೈಲಿಂದ ತಪ್ಪಿಸೋಕೆ ಬಂದ್ರೆ ಒಳಗೆ ಹಾಕಿ ಅಂತ ದುಂಬಾಲು ಬೀಳ್ತೀಯಲ್ಲ! ಯಾರನ್ನ ಕಾಪಾಡ್ತಿದೀಯ? ಲೈವಾಂಗ್‌ನನ್ನಾ?"

"ಅವನಿಗೇನು ಗೊತ್ತು, ಪಾಪ" ಎಂದಳು. ಆಮೇಲೆ ತುಟಿ ಕಚ್ಚಿಕೊಂಡಳು.

ಶಾಂಗ್ ಆ ಮಾತನ್ನು ಬಿಡಲಿಲ್ಲ. "ಅವನಿಗೆ ಗೊತ್ತಿಲ್ದಿರೋದು ಏನು?"

ಅವಳು ಮತ್ತೆ ಹಿಟ್ಟು ಕೊಯ್ಯತೊಡಗಿದಳು.

"ಚಳಿಗಾಲದಿಂದ ಎರಡರಷ್ಟು ನೀರು ತರಿಸ್ತಿದೀಯಂತೆ. ಏನು ಮಾಡ್ತೀಯ?"

"ಬಟ್ಟೆ ಒಗೀತೀನಿ."

"ಒಗೆದ ನೀರು ಎಲ್ಲಿ ಚೆಲ್ತೀಯ?"

"ಅಂಗಳದ ಇಂಗುಗುಂಡೀಲಿ."

"ಸುಳ್ಳು. ಆ ಗುಂಡಿ ಬಾಯಿಗೆ ಜೇಡ ಬಲೆ ಕಟ್ಟಿದೆ. ಒಣಗಿ ಬಾಯಿ ಬಿಟ್ಕೊಂಡಿದೆ."

ಚಾಕು ಮಣೆಯ ಮೇಲೆ ಟಕಟಕ ಓಡಿತು. ನೂಡಲ್ಸು ಒಂದು ದಪ್ಪ, ಒಂದು ಸಣ್ಣ ಬೀಳುತ್ತಿತ್ತು. ಒಬ್ಬಳಿಗೆ ಅಷ್ಟು ಹಿಟ್ಟು ಯಾಕೆ ಎಂಬುದು ಶಾಂಗ್‌ನ ತಲೆಗೆ ಆಗ ಹೊಳೆಯಲಿಲ್ಲ. ಬಾಣಲೆಯ ಹಬೆ ಗುಹೆಯ ಹಿಂಬದಿಗೆ ಹೋಗಿ ಗೋಡೆಗೆ ಬಡಿಯುತ್ತಿತ್ತು. ಅಲ್ಲಿ ಹುಲ್ಲು ಕಲಸಿದ ಮಣ್ಣಿನ ಗಿಲಾವು ಹಬೆಗೆ ಸಡಿಲಾಗಿ ಒಂದು ಕಡೆ ಉದುರಿತ್ತು. ಅವಳ ಮುಖ ನೋಡಲಾರದೆ ಅವನು ಗೋಡೆ ನೋಡುತ್ತ ನಿಂತ.

ಗೋಡೆ ಅವನನ್ನೇ ನೋಡುತ್ತಿತ್ತು. ಗಿಲಾವು ಉದುರಿದ ಜಾಗದಲ್ಲೆಲ್ಲ ಸೂಜಿಮೊನೆಯಷ್ಟು ತೂತುಗಳು. ಜರಡಿಯ ಕಣ್ಣುಗಳ ಹಾಗೆ.

ಕೈಯಲ್ಲಿ ಯಿನ್‌ಳ ಭೂತಗನ್ನಡಿ ಇನ್ನೂ ಇತ್ತು. ಅವನು ಪಕ್ಕದ ಗೋಡೆಯ ಬಳಿ ಹೋಗಿ ಉಗುರಲ್ಲಿ ಗಿಲಾವು ಕೆರೆದು ನೋಡಿದ. ಗೆರೆ. ನೆಟ್ಟನೆ ಇಳಿದ ಗೆರೆಗಳು. ಮತ್ತೆ ಹಿಂಗೋಡೆಗೆ ಬಂದ. ಚುಕ್ಕಿ. ಅಂಗಿಯ ಅಂಚಿನಲ್ಲಿ ಗಾಜು ಒರೆಸಿ ಇನ್ನೊಮ್ಮೆ ನೋಡಿದ. ಅದೇ ಚುಕ್ಕಿ.

"ಇಂಜಿನಿಯರಮ್ಮ!" ಅವನು ಕೂಗಿದ. "ಇಲ್ಲಿ ಬನ್ನಿ! ನನ್ನ ಕಣ್ಣು ಸರಿ ಇದೆಯಾ ಸ್ವಲ್ಪ ನೋಡಿ."

ಯಿನ್ ಬಂದಳು, ಅವಳ ಹಿಂದೆ ಲೈವಾಂಗ್. ಅವಳು ಹಿಂಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ತುಂಬ ಹೊತ್ತು ನೋಡಿದಳು. ಅಂಗೈಯಿಂದ ಗಿಲಾವನ್ನು ಇನ್ನಷ್ಟು ಉದುರಿಸಿದಳು. ಚುಕ್ಕಿಗಳ ನಡುವೆ ಒಂದು ಸಂದು ಕಂಡಿತು. ಅಷ್ಟು ದೂರದಲ್ಲಿ ಇನ್ನೊಂದು ಸಂದು.

"ನಿಮ್ಮ ಕಣ್ಣು ಸರಿಯಾಗೇ ಇದೆ" ಎಂದಳು ಮೆಲ್ಲಗೆ. "ಇದು ಗೋಡೆ ಅಲ್ಲ, ನೆಲ. ನೆಲವನ್ನ ಹಲಗೆ ಹಲಗೆಯಾಗಿ ಕೊಯ್ದು ತಂದು ಇಲ್ಲಿ ಎತ್ತಿ ನಿಲ್ಲಿಸಿದಾರೆ. ಅದಕ್ಕೇ ಕೊಳವೆಗಳೆಲ್ಲ ನಮ್ಮ ಕಡೆ ಬಾಯಿ ಬಿಟ್ಕೊಂಡಿವೆ. ಅಚ್ಚಿನಲ್ಲಿ ಬಡಿದ ಮಣ್ಣಿಟ್ಟಿಗೆ ಇಟ್ಟಿದ್ರೆ ಬಣ್ಣ ಬೇರೆ ಬರ್ತಿತ್ತು, ಯಾರಾದ್ರೂ ಗುರುತು ಹಿಡೀತಿದ್ರು. ಜಾಣತನದಿಂದ ಇಲ್ಲಿನ ಮಣ್ಣನ್ನೇ ಕೊಯ್ದಿದಾರೆ. ಆದ್ರೆ ಮಲಗಿಸೋ ಬದ್ಲು ನಿಲ್ಲಿಸಿಬಿಟ್ಟಿದಾರೆ."

"ನಿಲ್ಸಿ ಕಟ್ಟಿದಾರಾ?" ಲೈವಾಂಗ್ ಹುಬ್ಬು ಗಂಟಿಕ್ಕಿದ. "ನಮ್ಮೂರಲ್ಲಿ ಇಟ್ಟಿಗೇನ ಯಾರೂ ನಿಲ್ಸಿ ಕಟ್ಟಲ್ಲ. ಮಲಗ್ಸೇ ಕಟ್ಟೋದು. ನಿಲ್ಸಿ ಕಟ್ಟೋರು ಕಣಿವೆ ಕೆಳಗಿನೋರು. ನಾವು ಅವರನ್ನ ಆಡ್ಕೊಂಡು ನಗ್ತೀವಿ, ಇವರ ಗೋಡೆನೂ ಕಾಲು ಮಡಚಲ್ಲ ಅಂತ..."

ಅವನು ನಿಧಾನವಾಗಿ ಅತ್ತಿಗೆಯ ಕಡೆ ತಿರುಗಿದ.

ಗೈಲಿಂಗ್‌ಳ ತವರು ಕಣಿವೆಯ ಕೆಳಗೆ.

ಶಾಂಗ್ ಭೂತಗನ್ನಡಿಯನ್ನು ಜೇಬಿಗಿಳಿಸಿದ. ಇವಳನ್ನು ಬಿಡಿಸಬೇಕೆಂದು ತಾನೇ ಬೆಳಗಿನಿಂದ ಮಣ್ಣು ಮುಟ್ಟಿ ನೋಡಿದ್ದು, ತಾನೇ ಗೋಡೆ ನೋಡಿದ್ದು, ತಾನೇ ಕೂಗಿ ಕರೆದದ್ದು. ಈಗ ಅದೇ ಮಣ್ಣು ಇವಳ ಕೊರಳಿಗೆ ಬಂದು ಸುತ್ತಿಕೊಳ್ಳುತ್ತಿದೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಏನಾಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡ.

"ಈ ಗೋಡೆ ಕಟ್ಟಿದ್ದು ನೀನಾ?" ಕೇಳಲೇಬೇಕಾಗಿತ್ತು, ಕೇಳಿದ.

"ನಾನೇ."

"ಯಾಕೆ?"

"ಹಳೇ ಗೋಡೆ ಹಾಳಾಗಿತ್ತು."

"ಗುಹೆಯ ಹಿಂಗೋಡೆ ಹಾಳಾಗೋದು ಅಂದ್ರೇನು? ಅದರ ಹಿಂದೆ ಏನಿದೆ?"

"ಏನೂ ಇಲ್ಲ. ಮಣ್ಣು." ಅವಳು ಕೈಯಲ್ಲಿದ್ದ ಚಾಕು ಕೆಳಗಿಟ್ಟು ಎರಡೂ ಮುಂಗೈ ಮುಂದೆ ಚಾಚಿದಳು. "ನಿಮ್ಮ ಕಾಲಿಗೆ ಬೀಳ್ತೀನಿ ಸಾಹೇಬ್ರೇ, ಜೀಪಿಗೆ ಯಾಕೆ ಕಾಯ್ತೀರಿ? ಈಗ್ಲೇ ಕರ್ಕೊಂಡು ಹೋಗಿ. ಮಾವನ್ನ ಕೊಂದಿದ್ದು ನಾನೇ. ಗೋಡೆ ಮಾತ್ರ ಬಿಟ್ಬಿಡಿ."

"ನಮ್ಮಪ್ಪನ್ನ ಏನು ಮಾಡ್ದೆ ಹೇಳೇ!" ಲೈವಾಂಗ್ ಮುನ್ನುಗ್ಗಿದ. ಶಾಂಗ್ ಅವನ ರಟ್ಟೆ ಹಿಡಿದು ನಿಲ್ಲಿಸಿದ.

ಯಿನ್ ಇದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಅವಳು ಗೋಡೆಯ ಬುಡದಲ್ಲಿ ಕೂತು, ನೆಲದಿಂದ ಮೊಣಕಾಲೆತ್ತರದವರೆಗೆ ಅಂಗೈ ಆಡಿಸಿ, ಆಮೇಲೆ ಒಂದು ಬೆರಳನ್ನು ಒತ್ತಿದಳು. ಬೆರಳು ಗೆಣ್ಣಿನವರೆಗೆ ಒಳಗೆ ಹೋಯಿತು. ಅವಳು ತಟ್ಟನೆ ಎದ್ದಳು. ಮುಖದ ಬಣ್ಣ ಬದಲಾಗಿತ್ತು.

"ಎಲ್ರೂ ಆಚೆ ನಡೀರಿ. ಈಗ್ಲೇ."

"ಯಾಕೆ, ಏನಾಯ್ತು?"

"ಇದರ ಪಾದವೂ ನೆಂದಿದೆ ಶಾಂಗ್ ಅವ್ರೇ. ನೀರು ಸಣ್ಣ ತೂತುಗಳಲ್ಲಿ ಮೇಲಕ್ಕೆ ಹತ್ತಿ ಮೊಣಕಾಲಿನ ತನಕ ಬಂದಿದೆ. ಹಿಂದೆ ಯಾವುದೋ ಖಾಲಿ ಜಾಗ ಇದೆ, ಅದು ಮುದುಕಪ್ಪನ ಗುಹೆಯ ಬೆನ್ನಿಗೂ ಹೋಗುತ್ತೆ. ಅಲ್ಲಿ ಯಾರೋ ದಿನಾ ನೀರು ಚೆಲ್ಲಿದಾರೆ. ಆಚೆ ಪಕ್ಕ ಆಗ್ಲೇ ಬಿತ್ತು. ಇನ್ನು ಇದೇ ಬೀಳೋದು. ಮಧ್ಯಾಹ್ನ ನೋಡಿದ್ರಲ್ಲ ದಿಮ್ಮೀನ? ನೆಂದ ಮೇಲೆ ಅದು ಹೇಳಿ ಕೇಳಿ ಬೀಳಲ್ಲ!"

ಅವಳ ಮಾತಿಗೆ ಉತ್ತರ ಕೊಟ್ಟ ಹಾಗೆ ಗೋಡೆಯ ಆಚೆ ಏನೋ ದೊಪ್ಪನೆ ಬಿತ್ತು. ಗಿಲಾವಿನ ಇನ್ನೊಂದು ತುಂಡು ಕಳಚಿ ಬಾಣಲೆಯ ಪಕ್ಕಕ್ಕೆ ಬಂದು ಪುಡಿಯಾಯಿತು.

ಗೈಲಿಂಗ್ ಕಿಟಾರನೆ ಕಿರುಚಿಕೊಂಡಳು. ಇಷ್ಟು ಹೊತ್ತು ಮಣೆಯ ಹತ್ತಿರವೇ ನಿಂತಿದ್ದವಳು ಈಗ ಮೂಲೆಯಲ್ಲಿದ್ದ ಗೋಧಿ ತುಂಬಿದ ಮರದ ಪೆಟ್ಟಿಗೆಗೆ ಭುಜ ಕೊಟ್ಟು ತಳ್ಳತೊಡಗಿದಳು. ಇಬ್ಬರು ಗಂಡಸರು ಹೊರಬೇಕಾದ ಪೆಟ್ಟಿಗೆ ಅದು. ಕರ್ರೆಂದು ಜರುಗಿತು. ಅದರ ಹಿಂದೆ, ಗೋಡೆಯ ಬುಡದಲ್ಲಿ, ನಾಯಿ ನುಸುಳುವಷ್ಟು ದೊಡ್ಡ ತೂತು ಕಂಡಿತು. ಒಳಗೆ ಕತ್ತಲು. ಎಣ್ಣೆದೀಪದ ವಾಸನೆ ಮುಖಕ್ಕೆ ಹೊಡೆಯಿತು.

ಅವಳು ಬೋರಲು ಬಿದ್ದು ತೂತಿಗೆ ಬಾಯಿಟ್ಟು ಕೂಗಿದಳು. "ಹೊರಗೆ ಬಾ! ಮಣ್ಣು ಕುಸೀತಿದೆ, ಬಾ! ಬಾವೋಕು, ಬಾ!"

ಶಾಂಗ್ ಹಿಡಿದಿದ್ದ ರಟ್ಟೆಯನ್ನು ಸಡಿಲ ಬಿಟ್ಟ. ಲೈವಾಂಗ್ ಮುಂದೆ ಹೋಗಲಿಲ್ಲ. ಇದ್ದಲ್ಲೇ ಕಲ್ಲಾಗಿ ನಿಂತಿದ್ದ.

"ಯಾರನ್ನ ಕರೀತಿದಾಳೆ?" ಅವನ ದನಿ ಕೀರಲಾಗಿತ್ತು. "ಸಾಹೇಬ್ರೇ, ಅದು ನಮ್ಮಣ್ಣನ ಹೆಸರು. ಅಣ್ಣ ಸತ್ತು ಹೋದ. ಗಣಿಯೋರು ಮೊಳೆ ಹೊಡೆದ ಪೆಟ್ಟಿಗೇಲಿ ತಂದು ಕೊಟ್ರು, ಮುಖ ನೋಡೋ ಹಾಗಿಲ್ಲ, ತೆಗೀಬೇಡಿ ಅಂದ್ರು. ಗುಂಡಿಗೆ ಇಳಿಸಿದ್ದು ನಾನೇ, ಈ ಕೈಯಲ್ಲೇ. ಅಣ್ಣ ಇಲ್ಲಿದ್ರೆ... ಆ ಪೆಟ್ಟಿಗೇಲಿ ಮಲಗಿರೋದು ಯಾರು?"

ಶಾಂಗ್ ಮೊಣಕಾಲೂರಿ ತೂತಿನೊಳಗೆ ಬಗ್ಗಿದ. ಒಳಗಿನಿಂದ ಯಾರೋ ತೆವಳಿ ಬರುವ ಸದ್ದು ಕೇಳಿಸಿತು, ಆಮೇಲೆ ನಿಂತಿತು. ತಿಂಗಳುಗಳಿಂದ ಜೋರಾಗಿ ಮಾತಾಡದವನ ಒರಟು ದನಿಯೊಂದು ಬಂತು.

"ಕಿರುಚ್ಬೇಡ್ವೇ, ನಂಗೂ ಗೊತ್ತಾಗ್ತಿದೆ. ಮೊದ್ಲು ಓಡಿ ಹೋಗಿ ಅಪ್ಪನ್ನ ಎಬ್ಬಿಸು. ಅವನ ಗುಹೆ ನನ್ನ ಬೆನ್ನಿಗೇ ಇದೆ. ಹೋದ ವಾರ ಸದ್ದಾದಾಗ ಬಿದ್ದಿದ್ದು ಉಗ್ರಾಣದ ಗುಹೆ ಅಂದ್ಯಲ್ಲ, ಇನ್ನು ಅವನದೇ ಬೀಳೋದು. ಅವನ್ನ ಆಚೆ ಕೂರಿಸಿ ಬಾ, ಆಮೇಲೆ ನಾನು ಬರ್ತೀನಿ. ಅಲ್ಲೀವರೆಗೂ ನಾನು ಈ ಕಂಬಕ್ಕೆ ಭುಜ ಕೊಟ್ಟಿರ್ತೀನಿ."

ಗೈಲಿಂಗ್ ತಲೆಯ ಸೂತಕದ ಬಟ್ಟೆ ಕಿತ್ತು ಮೈಯಡಿ ಮುಚ್ಚಿಕೊಂಡಳು. ಮೇಲಿನಿಂದ ಹಳದಿ ದೂಳು ಅವಳ ಬೆನ್ನ ಮೇಲೆ ಸುರಿಯತೊಡಗಿತು.